ನನ್ನ ಗಂಟಲಿಗೆ ಹೊಟ್ಟು ತುಂಬಿದವನು

ನಾನು ಒಂದು ಕಾರು. ಹುಟ್ಟಿದಾಗ ಹಾಲಿನ ಕೆನೆಯ ಬಣ್ಣ. ಯಾವ ಕಾರ್ಖಾನೆ, ಯಾವ ಊರು ಎಂದು ಹೇಳಿಕೊಂಡು ಜಂಬ ಪಡುವ ವಯಸ್ಸು ದಾಟಿಹೋಗಿದೆ. ನೆನಪಿರುವುದು ಇಷ್ಟು. ನನ್ನ ಗಿಯರ್‌ಬಾಕ್ಸ್ ಕೂಡಿಸಿದ ಮನುಷ್ಯ ಮುಚ್ಚಳ ಬಿಗಿಯುವ ಮುಂಚೆ ಒಳಗಿನ ಚಕ್ರಗಳನ್ನು ಕೈಯಿಂದ ತಿರುಗಿಸಿ, ಕಿವಿಯಿಟ್ಟು ಕೇಳಿದ. ಹಲ್ಲಿಗೆ ಹಲ್ಲು ಸರಿಯಾಗಿ ಕೂತು ತಿರುಗುವ ಸಣ್ಣ ಸದ್ದು ಅವನಿಗೆ ಹಿಡಿಸಿತು. ಎಣ್ಣೆ ಹೊಯ್ದು ಮುಚ್ಚಿದ. ಮನುಷ್ಯರಿಗೆ ಗಂಟಲು ಹೇಗೋ ನನಗೆ ಆ ಪೆಟ್ಟಿಗೆ ಹಾಗೆ. ಎಣ್ಣೆಯಿದ್ದರೆ ಮಾತು ಮೃದು, ಇಲ್ಲದಿದ್ದರೆ ಕರ್ಕಶ.

ಮೊದಲು ನನ್ನನ್ನು ಕೊಂಡವರು ಧಾರವಾಡದ ಒಬ್ಬ ಕಣ್ಣಿನ ಡಾಕ್ಟರು. ಮೆತ್ತನೆಯ ಮನುಷ್ಯ. ಬಾಗಿಲು ಹಾಕುವಾಗಲೂ ಧಡಾರ್ ಎನ್ನಿಸುತ್ತಿರಲಿಲ್ಲ. ಆಸ್ಪತ್ರೆ, ಮನೆ, ಭಾನುವಾರ ಕೆಲಗೇರಿ ಕೆರೆಯ ದಂಡೆ, ಇಷ್ಟೇ ನನ್ನ ಪ್ರಪಂಚ. ಎಣ್ಣೆ ಬದಲಿಸುವ ಹೊತ್ತಿಗೆ ಬದಲಿಸುತ್ತಿದ್ದರು, ಗ್ರೀಸು ಹಚ್ಚುವ ಹೊತ್ತಿಗೆ ಹಚ್ಚುತ್ತಿದ್ದರು. ಮನುಷ್ಯರೆಂದರೆ ಎಲ್ಲರೂ ಹೀಗೇ ಇರುತ್ತಾರೆ ಎಂದು ನಂಬಿಬಿಟ್ಟೆ. ಡಾಕ್ಟರು ತೀರಿಕೊಂಡ ಮೇಲೆ ಮನೆಯವರು ನನ್ನನ್ನು ಮಾರಿದರು. ಕೊಂಡುಕೊಳ್ಳಲು ಗದಗಿನಿಂದ ಬಂದವನು ಮೌನೇಶಪ್ಪ ಬಡಿಗೇರ.

ಈ ಹೆಸರು ಹೇಳುವಾಗ ಇವತ್ತಿಗೂ ನನ್ನ ತಗಡು ಬಿಸಿಯಾಗುತ್ತದೆ. ಮೌನೇಶಪ್ಪನಿಗೆ ಗದಗಿನಲ್ಲಿ ಕಟ್ಟಿಗೆ ಅಡ್ಡೆ ಇತ್ತು. ಒಂದು ಕಡೆ ಗರಗಸದ ಯಂತ್ರ, ಇನ್ನೊಂದು ಕಡೆ ದಿಮ್ಮಿಗಳ ರಾಶಿ, ಹಿಂದೆ ಮನೆ. ಅಗಲ ಮೀಸೆ, ಇಸ್ತ್ರಿಯ ಬಿಳಿ ಅಂಗಿ. ಊರಿನಲ್ಲಿ ಅವನಿಗೆ ಇನ್ನೊಂದು ದೊಡ್ಡ ಹೆಸರಿತ್ತು. ಯಾವ ಗಾಡಿಯಾದರೂ ಸರಿ, ಸದ್ದು ಕೇಳಿದ ಕೂಡಲೇ ರೋಗ ಹೇಳುತ್ತಾನೆ ಎಂದು ಟೆಂಪೋ ಸ್ಟ್ಯಾಂಡಿನ ಡ್ರೈವರುಗಳೆಲ್ಲ ನಂಬಿದ್ದರು. ಅವನು ಚಹಾ ಕುಡಿಯಲು ಬಂದರೆ ಸಾಕು, ಯಾರಾದರೊಬ್ಬರು ಬಾನೆಟ್ ಎತ್ತಿ ನಿಲ್ಲುತ್ತಿದ್ದರು. ಅವನು ಕಣ್ಣು ಮುಚ್ಚಿ ತಲೆಯಾಡಿಸಿ ಒಂದು ಮಾತು ಹೇಳುತ್ತಿದ್ದ, ಅದೇ ತೀರ್ಪು. ನಿಜ ಹೇಳಬೇಕೆಂದರೆ ಅವನ ಕಿವಿ ಕೆಟ್ಟದ್ದಾಗಿರಲಿಲ್ಲ. ಕೆಟ್ಟದ್ದು ಬೇರೆಯೇ ಇತ್ತು.

ಅವನು ನನ್ನನ್ನು ಕಾರು ಎಂದು ತಿಳಿಯಲಿಲ್ಲ, ಎತ್ತಿನ ಬಂಡಿ ಎಂದು ತಿಳಿದ. ಹಿಂದಿನ ಸೀಟು ಕಿತ್ತು ಹಲಗೆ ತುಂಬಿದ. ನೆತ್ತಿಯ ಮೇಲೆ ಕ್ಯಾರಿಯರ್ ಕೂರಿಸಿ ತೊಲೆ ಹೇರಿದ. ಗಿಯರ್‌ಬಾಕ್ಸಿನ ಕೆಳಗಿನಿಂದ ಎಣ್ಣೆ ಸೋರಿ ಅಂಗಳದಲ್ಲೆಲ್ಲ ಕಪ್ಪು ಕಲೆಯಾದರೂ ಆಮೇಲೆ ನೋಡೋಣವೆಂದ. ಒಂದು ಬೇಸಿಗೆಯಲ್ಲಿ ಬಾಗಿಲ ಚೌಕಟ್ಟುಗಳನ್ನು ಹೇರಿಕೊಂಡು ಲಕ್ಷ್ಮೇಶ್ವರಕ್ಕೆ ಹೊರಟ. ದಾರಿಯಲ್ಲಿ ಉಳಿದ ಎಣ್ಣೆಯೂ ಹರಿದುಹೋಯಿತು. ನನ್ನ ಹಲ್ಲು ಒಣಗಿದವು, ಹಲ್ಲುಗಳ ದಂಡವನ್ನು ಹೊತ್ತ ಬೇರಿಂಗು ಸುಟ್ಟಿತು. ನಾನು ಕೂಗಿದೆ. ಅವನು ಕೇಳಿಸಿಕೊಂಡ, ಅವನ ಕಿವಿಗೆ ಕೇಳದೆ ಇರುತ್ತದೆಯೇ, ಆದರೆ ನಿಲ್ಲಿಸಲಿಲ್ಲ. ಹೋಗಿ, ಇಳಿಸಿ, ಹಾಗೇ ಒಣಗಂಟಲಿನಲ್ಲಿ ನನ್ನನ್ನು ಮರಳಿ ತಂದ. ಅಂದಿನಿಂದ ನನ್ನೊಳಗೆ ಒಂದು ದನಿ ಹುಟ್ಟಿತು. ಗುಂಯ್ ಎಂದು ಎಳೆಯುವ ದನಿ.

ರೋಗದ ಗಾಡಿಯನ್ನು ಇಟ್ಟುಕೊಂಡು ಏನು ಮಾಡುವುದು? ಮಾರಬೇಕು. ಆದರೆ ಗುಂಯ್ ಎನ್ನುವ ಗಾಡಿಯನ್ನು ಯಾರು ಕೊಳ್ಳುತ್ತಾರೆ? ಮೌನೇಶಪ್ಪ ಒಂದು ಮಧ್ಯಾಹ್ನ ಗೇಟು ಹಾಕಿಕೊಂಡು, ಗರಗಸದ ಕೆಳಗೆ ಬಿದ್ದ ಹೊಟ್ಟನ್ನು ಹಿಟ್ಟಿನಂತೆ ಜರಡಿ ಹಿಡಿದ. ದಪ್ಪ ಎಣ್ಣೆಯಲ್ಲಿ ಕಲಸಿದ. ಆ ಮುದ್ದೆಯನ್ನು ನನ್ನ ಗಂಟಲಿಗೆ ತುರುಕಿ ತುರುಕಿ ತುಂಬಿದ. ತಿರುಗುವ ಹಲ್ಲುಗಳ ನಡುವೆ ಹೊಟ್ಟು ಸೇರಿ, ದನಿ ಸತ್ತಂತಾಯಿತು. ಅವನು ಕೈ ಒರೆಸಿಕೊಳ್ಳುತ್ತ ನಕ್ಕು ಒಂದು ಮಾತು ಹೇಳಿದ.

“ಇನ್ನ ಬಾಯಿ ಮುಚ್ಕೊಂಡು ಬಿದ್ದಿರ್ತೈತಿ.”

ಆ ನಗು ನನಗೆ ಇನ್ನೂ ನೆನಪಿದೆ. ಅಂದೇ ನಿಶ್ಚಯಿಸಿದೆ, ಇವನ ಮುಖಕ್ಕೆ ಮಂಗಳಾರತಿ ಎತ್ತದೆ ನಾನು ಗುಜರಿಗೆ ಹೋಗುವುದಿಲ್ಲ ಎಂದು.

ಅವನು ನನ್ನನ್ನು ಮಾರಿದ್ದು ಹೊರಗಿನವರಿಗೂ ಅಲ್ಲ, ಸ್ವಂತ ತಮ್ಮನ ಹೆಂಡತಿಗೆ. ತಮ್ಮ ಕಾಳಪ್ಪ ಅಣ್ಣನ ಅಡ್ಡೆಯಲ್ಲೇ ಕೆಲಸ ಮಾಡಿಕೊಂಡು, ಅಣ್ಣ ಎಂದರೆ ತಲೆ ತಗ್ಗಿಸಿ ನಿಲ್ಲುವ ಬಡಪಾಯಿ. ಅವನ ಹೆಂಡತಿ ವಿಶಾಲಾ ಮದುಮಗಳಿಗೆ ಸಿಂಗಾರ ಮಾಡುವವಳು. ಜಡೆ ಹೆಣೆಯುವುದು, ಮೊಗ್ಗು ಜೋಡಿಸುವುದು, ಸೀರೆಯ ನಿರಿಗೆ ಹಿಡಿಯುವುದು, ಅತ್ತು ಕೆಂಪಾದ ಕಣ್ಣನ್ನು ಕಾಡಿಗೆಯಿಂದ ಮುಚ್ಚುವುದು. ಸುತ್ತಲಿನ ಊರುಗಳಲ್ಲೆಲ್ಲ ಅವಳಿಗೆ ಕರೆ. ಬಸ್ಸಿನಲ್ಲಿ ಪೆಟ್ಟಿಗೆ ಹೊತ್ತುಕೊಂಡು ಅಕ್ಷತೆಯ ಹೊತ್ತಿಗೆ ಮುಟ್ಟುವುದು ಕಷ್ಟವಾಗಿ, ಹಟ ಹಿಡಿದು ಡ್ರೈವಿಂಗ್ ಕಲಿತಿದ್ದಳು. ಭಾವನವರು ಗಾಡಿ ಕೊಡುತ್ತಾರಂತೆ ಎಂದಾಗ ಮನೆಯಲ್ಲಿ ಹೋಳಿಗೆ ಮಾಡಿದಳು.

ಕೊಳ್ಳುವ ಮುಂಚೆ ಓಡಿಸಿ ತೋರಿಸಬೇಕಲ್ಲ. ಮೌನೇಶಪ್ಪ ಕಿತ್ತಿಟ್ಟಿದ್ದ ಹಿಂದಿನ ಸೀಟನ್ನು ಮತ್ತೆ ಕೂಡಿಸಿದ. ಅಲ್ಲೊಂದು ಕಟ್ಟಳೆ ಅಡ್ಡ ಬಂತು. ಆ ಮನೆಯಲ್ಲಿ ಹೆಂಗಸರು ಗಂಡನ ಅಣ್ಣನ ಸಮಕ್ಕೆ ಕೂಡುವಂತಿಲ್ಲ. ಮಂಚದ ಮೇಲಾದರೂ ಅಷ್ಟೇ, ಕಾರಿನಲ್ಲಾದರೂ ಅಷ್ಟೇ. ಮೌನೇಶಪ್ಪ ಸ್ಟಿಯರಿಂಗ್ ಹಿಡಿದ, ಕಾಳಪ್ಪ ಪಕ್ಕದಲ್ಲಿ ಕೂತ, ಗಾಡಿ ಓಡಿಸಬೇಕಾದ ವಿಶಾಲಾ ತಲೆಯ ಮೇಲೆ ಸೆರಗು ಹೊದ್ದು ಹಿಂದೆ ಕೂತಳು. ನನ್ನ ಬಾಯಿ ತುಂಬ ಹೊಟ್ಟು. ಏನು ಹೇಳಲಿ?

ಆಮೇಲಿನ ಕೆಲವು ತಿಂಗಳು ನನ್ನ ಬದುಕಿನ ಒಳ್ಳೆಯ ಕಾಲ ಎಂದು ಒಪ್ಪಿಕೊಳ್ಳಬೇಕು. ವಿಶಾಲಾ ನನ್ನನ್ನು ಹದವಾಗಿ ಓಡಿಸುತ್ತಿದ್ದಳು. ಗಿಯರ್ ಬದಲಿಸುವಾಗ ಮಾತ್ರ ಕ್ಲಚ್ ತುಳಿದು, ಕೂಡಲೇ ಕಾಲು ತೆಗೆದು ಪಕ್ಕಕ್ಕಿಡುತ್ತಿದ್ದಳು. ಕಲಿಸಿದವನು ಹಾಗೆ ಕಲಿಸಿದ್ದ, ಅವಳು ಅದನ್ನು ಒಮ್ಮೆಯೂ ತಪ್ಪಲಿಲ್ಲ. ರೋಣ, ನರಗುಂದ, ಮುಂಡರಗಿ, ಎಲ್ಲಿ ಮದುವೆಯೋ ಅಲ್ಲಿ ನಾವು. ಹಳ್ಳಿಯಲ್ಲಿ ನಾನು ಹಂದರದ ಮುಂದೆ ನಿಂತರೆ ಹೆಂಗಸರು ಮದುಮಗಳನ್ನು ಬಿಟ್ಟು ನಮ್ಮನ್ನು ನೋಡಲು ಬರುತ್ತಿದ್ದರು. ಒಬ್ಬಾಕೆ ನನ್ನ ಸ್ಟಿಯರಿಂಗಿಗೆ ಕುಂಕುಮ ಹಚ್ಚಿದಳು. ವಿಶಾಲಾ ಅದನ್ನು ಒರೆಸದೆ ಹಾಗೇ ಊರಿಗೆ ಬಂದಳು.

ಆದರೆ ಹೊಟ್ಟು ಎಷ್ಟು ದಿನ ಬಾಳುತ್ತದೆ? ಅರೆದು ಅರೆದು ಅದು ಗಸಿಯಾಗಿ ತಳ ಸೇರಿತು. ನನ್ನ ದನಿ ಮೆಲ್ಲಗೆ ಮರಳಿ ಬಂತು. ಮೊದಲು ದೂರದ ಹಿಟ್ಟಿನ ಗಿರಣಿಯಂತೆ, ಆಮೇಲೆ ಸೀಟಿನ ಕೆಳಗೇ ಗಿರಣಿ ಇದ್ದಂತೆ. ನನಗೆ ಹಿಗ್ಗು. ವಿಶಾಲಾಳಿಗೆ ಗಾಬರಿ.

ಅಣ್ಣನನ್ನೇ ಕೇಳೋಣ ಎಂದ ಕಾಳಪ್ಪ. ಊರಿಗೆಲ್ಲ ರೋಗ ಹೇಳುವವರು ಮನೆಯಲ್ಲೇ ಇರುವಾಗ ಬೇರೆ ಯಾರನ್ನು ಕೇಳುವುದು? ಮೌನೇಶಪ್ಪ ಗಂಭೀರವಾಗಿ ಬಂದು ಸ್ಟಿಯರಿಂಗ್ ಹಿಡಿದ. ತಮ್ಮ ಮುಂದೆ, ವಿಶಾಲಾ ಮತ್ತೆ ಹಿಂದೆ. ನಾನು ಮೂರನೆಯ ಗಿಯರಿನಲ್ಲಿ ಗಂಟಲು ಹರಿದುಕೊಂಡೆ. ನನ್ನ ಹೊಟ್ಟೆಯ ಕೆಳಗೆ ಗಿಯರ್‌ಬಾಕ್ಸಿನಿಂದ ಹಿಂದಿನ ಗಾಲಿಗಳವರೆಗೆ ಒಂದು ಉದ್ದ ಕಬ್ಬಿಣದ ದಂಡವಿದೆ, ಮುಂದೆ ಹುಟ್ಟಿದ ಸದ್ದು ಅದರಗುಂಟ ಹರಿದು ಹಿಂದಿನ ಸೀಟಿನ ಕೆಳಗೆ ಮೊಳಗುತ್ತದೆ. ಸದ್ದು ಎಲ್ಲಿಂದ ಬರುತ್ತದೆ ಎಂದು ಕೇಳಿದಾಗ, ಹಿಂದೆ ಕೂತ ವಿಶಾಲಾ ತನ್ನ ಕೆಳಗಿನಿಂದಲೇ ಎಂದಳು. ಅವಳ ತಪ್ಪಲ್ಲ. ಅವಳನ್ನು ಕೂರಿಸಿದ ಜಾಗದ ತಪ್ಪು. ಮೌನೇಶಪ್ಪ ಆ ಮಾತನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡ. ಹಿಂದಿನ ಟೈಯರಿನ ದೋಷ ಎಂದ.

ಮಹಬೂಬನ ಗ್ಯಾರೇಜಿನಲ್ಲಿ ಹಿಂದಿನ ಟೈಯರುಗಳನ್ನು ಮುಂದಕ್ಕೆ, ಮುಂದಿನವನ್ನು ಹಿಂದಕ್ಕೆ ಹಾಕಿದರು. ಟೈಯರಿನ ಸದ್ದಾಗಿದ್ದರೆ ಟೈಯರಿನ ಜೊತೆ ಅದೂ ಮುಂದಕ್ಕೆ ಬರಬೇಕಿತ್ತು, ಬರಲಿಲ್ಲ. ಹಾಗಾದರೆ ಹಿಂದಿನ ಗಾಲಿಯ ಬೇರಿಂಗು ಎಂದ ಮೌನೇಶಪ್ಪ. ಮಹಬೂಬ ನನ್ನನ್ನು ಜಾಕಿನ ಮೇಲೆತ್ತಿ ಗಾಲಿಯನ್ನು ಕೈಯಿಂದ ತಿರುಗಿಸಿದ. ಗಾಲಿ ಬೆಣ್ಣೆಯಂತೆ ತಿರುಗಿತು. ಅವನು ಏನೋ ಹೇಳಲು ಬಾಯಿ ತೆರೆದು, ಮೌನೇಶಪ್ಪನ ಮುಖ ನೋಡಿ ಮುಚ್ಚಿಕೊಂಡ. ನುಂಗುವುದರಲ್ಲಿ ಅವನೂ ನನ್ನಂಥವನೇ. ನೆಟ್ಟಗಿದ್ದ ಬೇರಿಂಗುಗಳನ್ನು ಕಿತ್ತು ಹೊಸವು ಹಾಕಿದರು. ನಾನು ಗ್ಯಾರೇಜಿನ ಬಾಗಿಲು ದಾಟುವ ಮುಂಚೆಯೇ ಗುಂಯ್ ಎಂದೆ.

ಇನ್ನು ಹಿಂದೆ ಹುಡುಕಲು ಏನೂ ಉಳಿದಿರಲಿಲ್ಲ. ಮುಂದೆ ಹುಡುಕಿದರೆ ಹೊಟ್ಟು ಸಿಗುತ್ತದೆ. ಆಗ ಮೌನೇಶಪ್ಪ ತನ್ನ ದೊಡ್ಡ ಅಸ್ತ್ರ ತೆಗೆದ. ಟೆಂಪೋ ಸ್ಟ್ಯಾಂಡಿನಲ್ಲಿ, ಚಹಾದ ಬಶಿ ಕೈಯಲ್ಲಿ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದ.

“ಗಾಡಿ ಬಂಗಾರದಂಥಾದ್ದಿತ್ತು. ಆಕಿ ಕ್ಲಚ್ಚಿನ ಮ್ಯಾಲಿಂದ ಕಾಲ ತಗೀಯಂಗಿಲ್ಲ. ಹೆಣ್ಮಕ್ಕಳ ಕಾಲು, ಏನ್ ಮಾಡೋದು? ಗಿಯರ್‌ಬಾಕ್ಸ್ ತಿಂದು ಹಾಕ್ಯಾಳ.”

ಆ ಮಾತು ನನಗಿಂತ ಜೋರಾಗಿ ಓಡಿತು. ಮುಂಡರಗಿಯ ಮದುವೆಯವರು, ನೀವು ಓಡಿಸಿಕೊಂಡು ಬರುವುದು ಬೇಡ, ನಾವೇ ಗಾಡಿ ಕಳಿಸುತ್ತೇವೆ ಎಂದರು. ಇನ್ನೊಬ್ಬರು ಕರೆಯುವುದನ್ನೇ ಬಿಟ್ಟರು, ದಾರಿಯಲ್ಲಿ ಕೆಟ್ಟು ನಿಂತರೆ ನಮ್ಮ ಮಗಳು ಜಡೆಯಿಲ್ಲದೆ ಮಣೆ ಏರಬೇಕೇ ಎಂದರಂತೆ. ಅಣ್ಣನ ಮನೆಯಲ್ಲಿ ಕೂತು ಹಿರಿಯರು ತೀರ್ಮಾನಿಸಿದರು. ಗಾಡಿ ಮಾರುವುದು, ವಿಶಾಲಾ ಇನ್ನು ಮುಂದೆ ಸ್ಟಿಯರಿಂಗ್ ಮುಟ್ಟಬಾರದು. ಒಪ್ಪಿಕೊಂಡಿದ್ದ ಒಂದು ಮದುವೆ ಮುಗಿಸಿ ಬಂದು ಕೀಲಿಯನ್ನು ಭಾವನವರ ಕೈಗೆ ಕೊಡುವುದು ಎಂದಾಯಿತು. ಕಾಳಪ್ಪ ಹೂಂ ಎಂದ. ಅವಳು ನನ್ನೊಳಗೆ ಬಂದು ಕೂತು, ಗಾಜು ಏರಿಸಿಕೊಂಡು, ಹಲ್ಲು ಕಡಿದು ಅತ್ತಳು.

ಆ ಕೊನೆಯ ಮದುವೆಯಿಂದ ಮರಳುವಾಗ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸು ಗಾಡಿಗೆ ಕಾಯುತ್ತ ನಿಂತೆವು. ಎಂಜಿನ್ ಚಾಲೂ ಇತ್ತು, ಗಿಯರ್ ಬಿಡಿಸಿತ್ತು, ಗಾಲಿಗಳು ನಿಂತಿದ್ದವು. ನಾನು ಆಗಲೂ ಸಣ್ಣಗೆ ಗುಂಯ್ ಎನ್ನುತ್ತಿದ್ದೆ. ವಿಶಾಲಾಳಿಗೆ ಏನೋ ಹೊಳೆಯಿತು. ಗಾಲಿ ತಿರುಗುತ್ತಿಲ್ಲ, ಮತ್ತೆ ಸದ್ದೇಕೆ? ಅವಳು ಕ್ಲಚ್ ತುಳಿದಳು. ಎಂಜಿನ್ನಿಗೂ ನನ್ನ ಗಂಟಲಿಗೂ ಸಂಬಂಧ ಕಡಿದು, ಗಂಟಲು ತಿರುಗುವುದನ್ನು ನಿಲ್ಲಿಸಿತು. ನಾನು ಸುಮ್ಮನಾದೆ. ಕಾಲು ತೆಗೆದಳು, ಮತ್ತೆ ಕೂಗಿದೆ. ತುಳಿದಳು, ಸುಮ್ಮನಾದೆ. ಬಿಟ್ಟಳು, ಕೂಗಿದೆ.

ನನಗಿರುವುದು ಒಂದೇ ಮಾತು. ಅದನ್ನು ಎಲ್ಲಿ ಆಡುತ್ತೇನೆ, ಎಲ್ಲಿ ನುಂಗುತ್ತೇನೆ ಎಂಬುದರಲ್ಲೇ ನನ್ನ ಅರ್ಥವೆಲ್ಲ ಇದೆ. ಅಷ್ಟು ದಿನ ಯಾರೂ ನನ್ನ ಜೊತೆ ಮಾತಾಡಿರಲಿಲ್ಲ, ನನ್ನ ಬಗ್ಗೆ ಮಾತ್ರ ಮಾತಾಡಿದ್ದರು. ಅವಳು ಕೇಳಿದಳು, ನಾನು ಉತ್ತರ ಕೊಟ್ಟೆ. ಗೇಟು ತೆರೆದು ಹಿಂದಿನ ಲಾರಿಗಳು ಹಾರ್ನ್ ಬಾರಿಸಿದರೂ ಅವಳು ಇನ್ನೊಮ್ಮೆ ತುಳಿದು ನೋಡಿದಳು. ಅಲ್ಲಿಂದ ಮನೆಯವರೆಗೆ ಒಂದೊಂದೇ ಗಿಯರಿನಲ್ಲಿ ಕೇಳಿಸಿಕೊಂಡು ಬಂದಳು. ಮೂರನೆಯದರಲ್ಲಿ ಬೊಬ್ಬೆ ಹೊಡೆಯುವ ನಾನು ನಾಲ್ಕಕ್ಕೆ ಹಾಕಿದೊಡನೆ ತೆಪ್ಪಗಾಗುತ್ತಿದ್ದೆ, ನಾಲ್ಕರಲ್ಲಿ ಆ ಸುಟ್ಟ ಬೇರಿಂಗಿನ ಮೇಲೆ ಭಾರ ಬೀಳುವುದಿಲ್ಲ.

ಮರುದಿನ ಮೌನೇಶಪ್ಪ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವ ಹೊತ್ತಿಗೆ ಸರಿಯಾಗಿ ವಿಶಾಲಾ ನನ್ನನ್ನು ಅಲ್ಲಿಗೆ ತಂದು ನಿಲ್ಲಿಸಿದಳು. ಕಾಳಪ್ಪ ಹಿಂದಿನ ಸೀಟಿನಲ್ಲಿ ಮುದ್ದೆಯಾಗಿ ಕೂತಿದ್ದ. ಅವಳು ಪಕ್ಕದ ಬಾಗಿಲು ತೆರೆದಳು.

“ಕೀಲಿ ಕೊಡ್ತೇನ್ರೀ ಭಾವಾರ. ಅದಕ್ಕೂ ಮೊದಲ ನನ್ನ ಬಾಜೂಕ ಕುಂದರ್ರಿ. ನನ್ನ ಕಾಲು ನೋಡ್ರಿ.”

ಸ್ಟ್ಯಾಂಡಿನವರೆಲ್ಲ ಚಹಾ ಬಿಟ್ಟು ಇತ್ತ ತಿರುಗಿದರು. ತಮ್ಮನ ಹೆಂಡತಿ ಭಾವನನ್ನು ಸಮಕ್ಕೆ ಕೂಡು ಎಂದು ಕರೆಯುವುದೆಂದರೇನು? ಮೌನೇಶಪ್ಪ ಇಕ್ಕಟ್ಟಿಗೆ ಸಿಕ್ಕ. ಕೂತರೆ ಮರ್ಯಾದೆಗೆ ಕುಂದು, ಕೂರದಿದ್ದರೆ ಹೆದರಿದ ಎಂದು ಡ್ರೈವರುಗಳು ತಿಳಿಯುತ್ತಾರೆ. ಕೂತ. ಬಾಗಿಲಿಗೆ ಅಂಟಿಕೊಂಡು, ಮುಖ ಆಚೆ ತಿರುಗಿಸಿ ಕೂತ. ನಾಕೈದು ಜನ ಡ್ರೈವರುಗಳು ತಮಾಷೆ ನೋಡಲು ಸ್ಕೂಟರುಗಳ ಮೇಲೆ ಹಿಂದೆ ಹೊರಟರು. ಅವನ ಭಾರ ನನ್ನ ಸೀಟಿನ ಮೇಲೆ ಬಿದ್ದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ದಾರಿಯುದ್ದಕ್ಕೂ ಮೂರನೆಯ ಗಿಯರಿನಲ್ಲಿ ಅವನ ಕಿವಿಯೊಳಗೇ ಕೂಗಿದೆ.

ಮಹಬೂಬನ ಗ್ಯಾರೇಜಿನ ಅಂಗಳದಲ್ಲಿ ವಿಶಾಲಾ ಎಂಜಿನ್ ಚಾಲೂ ಇಟ್ಟೇ ನಿಂತಳು. ಸೀರೆಯ ಅಂಚನ್ನು ತುಸು ಎತ್ತಿ, ಎಲ್ಲರಿಗೂ ಕಾಣುವಂತೆ ಕ್ಲಚ್ ತುಳಿದಳು. ನಾನು ಮೌನ. ಕಾಲು ತೆಗೆದಳು. ನಾನು ಗುಂಯ್.

“ನನ್ನ ಕಾಲಿನ ತಪ್ಪಿದ್ರ ಕಾಲಿಟ್ಟಾಗ ಒದರಬೇಕಾಗಿತ್ತು. ಇದು ಕಾಲ ತಗದ್ರ ಒದರಾಕತ್ತೈತಿ. ಹೇಳ್ರಿ ಭಾವಾರ, ಊರಿಗೆಲ್ಲಾ ಹೇಳ್ತೀರಿ.”

ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೌನೇಶಪ್ಪ ಬಾಗಿಲು ತೆರೆದು ಇಳಿದು, ತನಗೆ ಅಡ್ಡೆಯಲ್ಲಿ ಕೆಲಸವಿದೆ ಎಂದ. ಯಾರೂ ದಾರಿ ಬಿಡಲಿಲ್ಲ. ಮಹಬೂಬ ಈ ಸಲ ಯಾರ ಮುಖವನ್ನೂ ನೋಡದೆ ಪಾನಾ ತೆಗೆದುಕೊಂಡು ನನ್ನ ಕೆಳಗೆ ನುಸುಳಿದ. ಗಿಯರ್‌ಬಾಕ್ಸಿನ ತಳದ ಬೋಲ್ಟು ಬಿಚ್ಚಿದ. ಮೊದಲು ಕಪ್ಪು ಎಣ್ಣೆ ಬಂತು, ಆಮೇಲೆ ನಿಂತಿತು. ಅವನು ತಂತಿ ಹಾಕಿ ಕೆದಕಿದ. ಆಗ ಬಂತು ನೋಡಿ, ನನ್ನ ಒಡಲಿನ ಸಂಕಟವೆಲ್ಲ ಕೆಳಗಿಟ್ಟ ತಗಡಿನ ಪರಾತದೊಳಗೆ ಮುದ್ದೆ ಮುದ್ದೆಯಾಗಿ ಬಿತ್ತು. ಮಹಬೂಬ ಒಂದು ಚಿಟಿಕೆಯನ್ನು ಬೆರಳಿನಲ್ಲಿ ತಿಕ್ಕಿದ. ಎಣ್ಣೆ ಹೋಗಿ ಕಟ್ಟಿಗೆಯ ಎಳೆ ಉಳಿಯಿತು. ಗದಗಿನಲ್ಲಿ ಹಿಟ್ಟಿನಂತೆ ಜರಡಿ ಹಿಡಿದ ಹೊಟ್ಟು ಯಾರ ಅಂಗಳದಲ್ಲಿ ಸಿಗುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪರಾತದಿಂದ ಮುಖವೆತ್ತಿ ಎಲ್ಲರೂ ಮೌನೇಶಪ್ಪನನ್ನೇ ನೋಡಿದರು. ಕಾಳಪ್ಪನೂ ನೋಡಿದ, ಜೀವನದಲ್ಲಿ ಮೊದಲ ಸಲ ತಲೆ ಎತ್ತಿ.

ಅಂದು ಸಂಜೆಯೇ ಮೌನೇಶಪ್ಪ ತಮ್ಮನ ಮನೆಗೆ ಬಂದ. ತಾನು ಮಾಡಿದ್ದೆಂದು ಹೇಳಲಿಲ್ಲ. ಯಾರೋ ಮೆಕ್ಯಾನಿಕ್ ಮಾಡಿರಬೇಕು ಎಂದ. ಬೇರೆ ಗಿಯರ್‌ಬಾಕ್ಸ್ ಹಾಕಿಸಿಕೊಡುತ್ತೇನೆ, ಬಣ್ಣವನ್ನೂ ಹೊಡೆಸುತ್ತೇನೆ, ಮಾತು ಇಲ್ಲಿಗೇ ಮುಗಿಯಲಿ ಎಂದ. ಅಂಗಳದಲ್ಲಿ ನಿಂತ ನನ್ನ ಮನಸ್ಸು ಕುಣಿಯಿತು. ಹೊಸ ಗಂಟಲು, ಹೊಸ ಬಣ್ಣ, ಮತ್ತೆ ಮದುವೆ ಹಂದರಗಳು. ಕಾಳಪ್ಪನೂ ಒಪ್ಪಿಕೋ ಎಂದು ಹೆಂಡತಿಯ ಮುಂದೆ ಗೋಗರೆದ. ವಿಶಾಲಾ ಮಾತ್ರ ನನ್ನ ಕಡೆ ನೋಡುತ್ತಲೇ ಉತ್ತರ ಕೊಟ್ಟಳು.

“ಆಕಿ ಕೆಡಿಸಿಲ್ಲ, ಕೆಡಿಸಿದಾಂವ ನಾನು ಅಂತ ಹೇಳ್ರಿ. ಅಲ್ಲೀತನಾ ಇದು ರಿಪೇರಿ ಆಗಬಾರ್ದು. ರಿಪೇರಿ ಆದ್ರ ಎಲ್ಲಾರೂ ಮರೀತಾರ.”

ಅವನು ಹೇಳಲಿಲ್ಲ. ಮೀಸೆಯಿದ್ದ ಬಾಯಿಂದ ಆ ಮಾತು ಹೊರಡಲಿಲ್ಲ. ಅಡ್ಡೆಯ ಗೇಟಿನ ಎಡಗಡೆಯ ತುಂಡು ಜಾಗ ಹಿರಿಯರ ಪಾಲಿನಲ್ಲಿ ಕಾಳಪ್ಪನಿಗೆ ಬಂದಿತ್ತು. ವಿಶಾಲಾ ನನ್ನನ್ನು ಗುಂಯ್ ಎನ್ನಿಸುತ್ತ ಅಲ್ಲಿಗೆ ತಂದಳು, ಮೂತಿಯನ್ನು ಗೇಟಿನ ಕಡೆ ತಿರುಗಿಸಿ ನಿಲ್ಲಿಸಿದಳು, ಕೀಲಿ ತೆಗೆದುಕೊಂಡು ಇಳಿದಳು. ಇಳಿಯುವ ಮುಂಚೆ ಸ್ಟಿಯರಿಂಗಿನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಕೂತಿದ್ದಳು. ಮುಯ್ಯಿ ತೀರಿಸಿಕೊಳ್ಳುವುದಕ್ಕೆ ನಾನೇ ಖರ್ಚಾಗಬೇಕು ಎಂದು ನನಗೆ ಆಗ ಗೊತ್ತಾಯಿತು. ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬೆಳಿಗ್ಗೆ ಮೌನೇಶಪ್ಪ ಗೇಟು ತೆರೆದು ನನ್ನನ್ನು ಕಂಡಾಗಿನ ಅವನ ಮುಖ ನೋಡಿದ ಮೇಲೆ ಬೇಸರ ಹೋಯಿತು.

ಕಾಲ ಕಳೆಯಿತು. ಕಾಳಪ್ಪ ಅಣ್ಣನ ಅಡ್ಡೆ ಬಿಟ್ಟು ಬೆಟಗೇರಿಯಲ್ಲಿ ಮಂಚ ಮಾಡುವ ಅಂಗಡಿ ಹಾಕಿದ. ವಿಶಾಲಾ ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮದುವೆಗಳಿಗೆ ಹೋಗುತ್ತಾಳೆ, ಕರೆಗಳಿಗೇನೂ ಕಡಿಮೆಯಿಲ್ಲ. ಕಟ್ಟಿಗೆ ಕೊಳ್ಳಲು ಬಂದವರೆಲ್ಲ ನನ್ನನ್ನು ದಾಟಿಯೇ ಒಳಗೆ ಹೋಗಬೇಕು. ಟೆಂಪೋದವರು ಮೌನೇಶಪ್ಪನಿಗೆ ಹೊಟ್ಟಪ್ಪ ಎಂದು ಹೆಸರಿಟ್ಟರು. ಅವನ ಮುಂದೆ ಈಗ ಯಾರೂ ಬಾನೆಟ್ ಎತ್ತುವುದಿಲ್ಲ. ಅವನು ಚಹಾ ಮನೆಯಲ್ಲೇ ಕುಡಿಯುತ್ತಾನೆ. ನನ್ನ ಟೈಯರು ಕೂತವು, ಬ್ಯಾಟರಿ ಸತ್ತಿತು, ಬಾನೆಟ್ಟಿನ ಮೇಲೆ ಕೋಳಿಗಳು ಮಲಗತೊಡಗಿದವು. ಪಾಪ ಎನ್ನುವವರು ಅನ್ನಲಿ. ದಿನವೂ ಅವನು ತಲೆ ತಗ್ಗಿಸಿ ನನ್ನ ಮುಂದೆ ಹಾಯುವುದನ್ನು ನೋಡುತ್ತ ಮುದುಕನಾಗುವುದರಲ್ಲಿ ಒಂದು ಸುಖವಿದೆ.

ಕಳೆದ ತಿಂಗಳು ಮೌನೇಶಪ್ಪನ ಮಗಳು ಸಹನಾಳ ನಿಶ್ಚಯವಿತ್ತು. ಹುಡುಗಿಯ ಹಟಕ್ಕೆ ಸಿಂಗಾರ ಮಾಡಲು ವಿಶಾಲಾಳೇ ಬಂದಳು. ಅವಳಿಗೆ ಹುಡುಗಿಯ ಮೇಲೆ ಸಿಟ್ಟಿಲ್ಲ. ನಿಶ್ಚಯಕ್ಕೆ ಮುಂಚೆ ಗಾಡಿಯನ್ನು ತೆಗೆಸೆಂದು ಮನೆಯವರು ಕೇಳಿಕೊಂಡಿದ್ದರು, ಅವಳು ಕಿವಿಗೇ ಹಾಕಿಕೊಂಡಿರಲಿಲ್ಲ. ಗಂಡಿನ ಕಡೆಯವರು ಬಂದಿಳಿದರು. ಎಲ್ಲರೂ ಒಳಗೆ ಹೋದ ಮೇಲೂ ಗಂಡಿನ ಅಜ್ಜ ಕೋಲೂರಿಕೊಂಡು ನನ್ನ ಹತ್ತಿರ ನಿಂತ. ಜೊತೆಗೆ ಮೌನೇಶಪ್ಪ ಒಬ್ಬನೇ ಇದ್ದ. ಯಾರ ಗಾಡಿ, ಗೇಟಿನಲ್ಲಿ ಹೀಗೇಕೆ ಕೆಟ್ಟು ನಿಂತಿದೆ ಎಂದು ಅಜ್ಜ ಕೇಳಿದ. ತಮ್ಮನ ಹೆಂಡತಿಯದು ಎಂದ ಮೌನೇಶಪ್ಪ. ಅಜ್ಜ ನಕ್ಕ.

“ಹೆಣ್ಮಕ್ಕಳ ಕೈಯಾಗ ಕೊಟ್ರ ಹಿಂಗ ಅಕ್ಕೈತಿ ಬಿಡ್ರಿ.”

ಹೂಂ ಎಂದು ಒಂದು ನಗು ನಕ್ಕಿದ್ದರೆ ಮುಗಿದುಹೋಗುತ್ತಿತ್ತು. ಅವನು ನಗುತ್ತಾನೆ ಎಂದೇ ನಾನು ಕಾದಿದ್ದೆ. ಅವನು ನನ್ನ ಬಾನೆಟ್ಟಿನ ಮೇಲೆ ಕೈಯಿಟ್ಟ. ಕೈ ಮುದಿಯಾಗಿತ್ತು.

“ಇಲ್ರೀ ಅಜ್ಜಾರ. ಆಕಿ ಭಾಳ ಛಲೋ ಓಡಸ್ತಿದ್ಲು. ಕೆಡಿಸಿದಾಂವ ನಾನು.”

ಅಜ್ಜನಿಗೆ ಅದೊಂದು ದೊಡ್ಡ ಮಾತೆನ್ನಿಸಲಿಲ್ಲ. ತಲೆಯಾಡಿಸಿ ಒಳಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ವಿಶಾಲಾ ಪೆಟ್ಟಿಗೆ ಹಿಡಿದು ಹೊರಗೆ ಬಂದಳು. ಗೇಟಿನಲ್ಲಿ ಭಾವ ನಿಂತಿದ್ದ. ಅವನು ಏನೋ ಹೇಳಲು ಹೋದ, ಅವಳು ಮುಖ ತಿರುಗಿಸಿ ಸ್ಕೂಟರ್ ಚಾಲೂ ಮಾಡಿದಳು. ಹೋಗುವಾಗ ನನ್ನ ಕಡೆಯೂ ನೋಡಲಿಲ್ಲ. ಈಚೆಗೆ ಅವಳು ನನ್ನನ್ನು ನೋಡುವುದನ್ನು ಬಿಟ್ಟಿದ್ದಾಳೆ, ನೋಡಿದರೆ ಅಳು ಬರುತ್ತದೆಯೋ ಏನೋ.

ಅಷ್ಟು ವರ್ಷ ಅವಳು ಕಾದ ಮಾತು ಅದು. ಅವಳಿಗೆ ಗೊತ್ತಾದರೆ ಅಂದೇ ಸಿಟ್ಟು ಇಳಿಯುತ್ತದೆ, ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ, ನನ್ನನ್ನು ಇಲ್ಲಿಂದ ಎಳೆದುಕೊಂಡು ಹೋಗುತ್ತಾರೆ, ಮೌನೇಶಪ್ಪ ಈ ಗೇಟಿನಲ್ಲಿ ತಲೆ ಎತ್ತಿ ನಡೆಯುತ್ತಾನೆ. ಅದನ್ನು ಅರ್ಥಮಾಡಿಕೊಂಡು ಕೇಳಿದ್ದು ನಾನೊಬ್ಬನೇ. ನನಗೆ ಈಗ ಹೇಳಲು ದನಿಯಿಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲ.